ಘಟ್ಟಕ್ಕೆ ಮುಕ್ಕಾಲು ಪಾವು ಅಕ್ಕಿ

ಉಡುಪಿಯಿಂದ ನಸುಕಿನಲ್ಲಿ ಹೊರಟು, ಹೆಬ್ರಿ, ಸೋಮೇಶ್ವರ ದಾಟಿ, ಆಗುಂಬೆ ಘಾಟಿ ಹತ್ತಿ, ಹೊತ್ತು ಮುಳುಗುವುದರೊಳಗೆ ತೀರ್ಥಹಳ್ಳಿ ಸೇರುವುದು ಸೈಕಲ್ಲಿಗೆ ಒಂದು ದಿನದ ದಾರಿ. ಒಟ್ಟು ದೂರ ತೊಂಬತ್ತು ಕಿಲೋಮೀಟರಿನ ಆಸುಪಾಸು. ಹೀಗೊಂದು ಪಯಣಕ್ಕೆ ಹೊರಟವರಿಗೆ ಸಿಗುವ ಮಾತು ಎರಡೇ: ಒಂದು, ‘ತಲೆ ಸರಿ ಇದೆಯಾ?’, ಇನ್ನೊಂದು, ‘ಶಹಬ್ಬಾಸ್!’ ಬೈಗುಳಕ್ಕೂ ಹೊಗಳಿಕೆಗೂ ಬೇರು ಒಂದೇ. ಘಟ್ಟ ಹತ್ತುವುದು ಕಬ್ಬಿಣದಂಥ ಮೈಯಿರುವವರ ಕೆಲಸ, ನಮ್ಮ ನಿಮ್ಮಂಥವರದಲ್ಲ ಎಂಬ ನಂಬಿಕೆ ಅದು. ಲೆಕ್ಕ ಹಾಕಿ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಘಟ್ಟದ ಏರು ಸಾಮಾನ್ಯ ಆರೋಗ್ಯದ ಗಂಡಸು ಹೆಂಗಸರ ಕಾಲಿಗೆ ಎಟುಕುವಂಥದ್ದು. ಎಟುಕದಂತೆ ಮಾಡಿರುವುದು ಒಂದು, ನಾವು ಬಹುಕಾಲ ತುಳಿದ ಸೈಕಲ್ಲುಗಳ ರಚನೆ, ಇನ್ನೊಂದು, ಘಾಟಿ ರಸ್ತೆಯನ್ನು ನಾವು ಹಂಚಿಕೊಂಡಿರುವ ರೀತಿ. ಮೊದಲನೆಯದಕ್ಕೆ ಪರಿಹಾರ ಸಿಕ್ಕು ನೂರು ವರ್ಷ ದಾಟಿದೆ. ಎರಡನೆಯದಕ್ಕೆ ಪರಿಹಾರ ಕಷ್ಟವೇನಲ್ಲ, ಆದರೆ ಯಾರೂ ಕೈಹಾಕಿಲ್ಲ.

ಘಟ್ಟದ ಆಕಾರವೇ ಸೈಕಲ್ ಸವಾರನ ಪರವಾಗಿದೆ ಎಂಬುದನ್ನು ಮೊದಲು ಗಮನಿಸಬೇಕು. ಆಲ್ಪ್ಸ್ ಅಥವಾ ಪಿರನೀಸ್ ಪರ್ವತಗಳಲ್ಲಿ ಕಣಿವೆಯ ದಾರಿ ಎಂದರೆ ಒಂದು ಬದಿಯಲ್ಲಿ ಹತ್ತಿ, ನೆತ್ತಿ ಮುಟ್ಟಿ, ಮತ್ತೊಂದು ಬದಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಯುವುದು. ಗಳಿಸಿದ ಎತ್ತರವೆಲ್ಲ ಅರ್ಧ ಗಂಟೆಯಲ್ಲಿ ಕೈಬಿಟ್ಟು ಹೋಗುತ್ತದೆ, ಮುಂದಿನ ಕಣಿವೆಗೆ ಮತ್ತೆ ಮೊದಲಿಂದ ಹತ್ತಬೇಕು. ಪಶ್ಚಿಮಘಟ್ಟ ಹಾಗಲ್ಲ. ಅದು ದಖ್ಖನ್ ಪ್ರಸ್ಥಭೂಮಿಯ ಪಡುವಣ ಅಂಚು. ಕಡಲ ಕಡೆಗೆ ಗೋಡೆಯಂತೆ ಕಡಿದು, ಮೂಡಣಕ್ಕೆ ನಿಧಾನವಾಗಿ ಇಳಿಯುತ್ತ ಹೋಗುವ ನೆಲ. ಸೋಮೇಶ್ವರದಿಂದ ಆಗುಂಬೆಗೆ ಹತ್ತು ಕಿಲೋಮೀಟರಿನ ಆಸುಪಾಸಿನ ದಾರಿಯಲ್ಲಿ ಐನೂರಕ್ಕೂ ಹೆಚ್ಚು ಮೀಟರ್ ಏರುತ್ತೇವೆ. ಅಲ್ಲಿಂದ ತೀರ್ಥಹಳ್ಳಿಗೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಇದ್ದರೂ ದೊಡ್ಡ ಇಳಿತವಿಲ್ಲ. ಗದ್ದೆ ಬಯಲು, ತೋಟ, ಸಣ್ಣಪುಟ್ಟ ದಿಬ್ಬ, ಅಷ್ಟೇ. ಒಮ್ಮೆ ಹತ್ತಿದ ಮೇಲೆ ಆ ಎತ್ತರ ನಮ್ಮದೇ. ನೀರಿನ ಹಾದಿಯೂ ಇದನ್ನೇ ಹೇಳುತ್ತದೆ. ಅಂಚಿನ ಪಡುವಣಕ್ಕೆ ಬಿದ್ದ ಮಳೆ ಸೀತಾನದಿ ಹಿಡಿದು ನೋಡನೋಡುತ್ತಲೇ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ಮಳೆ ಸ್ವಲ್ಪ ಮೂಡಣಕ್ಕೆ ಬಿದ್ದರೆ ತುಂಗೆಗೆ ಇಳಿದು, ತುಂಗಭದ್ರೆಯಾಗಿ, ಕೃಷ್ಣೆಯೊಳಗೆ ಬೆರೆತು, ಇಡೀ ದಕ್ಷಿಣ ಭಾರತವನ್ನು ಅಡ್ಡ ಹಾದು ಬಂಗಾಳ ಕೊಲ್ಲಿಗೆ ಹೋಗಬೇಕು. ಕಾರಿನಲ್ಲಿ ಕುಳಿತವರಿಗೆ ಈ ಜಲವಿಭಜಕ ಗೊತ್ತೇ ಆಗದು. ಸೈಕಲ್ ತುಳಿಯುವವರಿಗೆ ಮೊಣಕಾಲೇ ಅದನ್ನು ತಿಳಿಸುತ್ತದೆ.

ಇನ್ನು ಲೆಕ್ಕ. ಅರವತ್ತೈದು ಕಿಲೋ ತೂಕದ ಸವಾರ, ಸೈಕಲ್, ನೀರಿನ ಬಾಟಲಿ, ಬುತ್ತಿ ಎಲ್ಲ ಸೇರಿ 85 ಕಿಲೋ ಎಂದಿಟ್ಟುಕೊಳ್ಳೋಣ. ಏರಬೇಕಾದ ಎತ್ತರ 550 ಮೀಟರ್ ಎಂದುಕೊಳ್ಳೋಣ. ಭೂಮಿಯ ಸೆಳೆತಕ್ಕೆ ಎದುರಾಗಿ ಇಷ್ಟು ತೂಕವನ್ನು ಇಷ್ಟು ಎತ್ತರಕ್ಕೆ ಒಯ್ಯಲು ಬೇಕಾದ ಕೆಲಸ ಸುಮಾರು 4 ಲಕ್ಷ 58 ಸಾವಿರ ಜೂಲ್, ಅಂದರೆ ಬರೀ 110 ಕಿಲೋ ಕ್ಯಾಲೊರಿ. ನಮ್ಮ ಸ್ನಾಯು ತಿಂದದ್ದರಲ್ಲಿ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗೆ ಮಾತ್ರ ಕೆಲಸಕ್ಕೆ ತಿರುಗಿಸುತ್ತದೆ, ಉಳಿದದ್ದು ಬೆವರು, ಬಿಸಿ. ಟೈರಿನ ತಿಕ್ಕಾಟವನ್ನೂ ಸೇರಿಸಿಕೊಂಡರೆ ಖರ್ಚು ಐನೂರೈವತ್ತು ಕಿಲೋ ಕ್ಯಾಲೊರಿಯ ಸುಮಾರಿಗೆ ಬರುತ್ತದೆ. ನೂರು ಗ್ರಾಂ ಅಕ್ಕಿಯಲ್ಲಿ ಹತ್ತಿರ ಹತ್ತಿರ 350 ಕಿಲೋ ಕ್ಯಾಲೊರಿ ಇರುವುದರಿಂದ, ಆಗುಂಬೆ ಘಾಟಿಯ ಬೆಲೆ ನೂರೈವತ್ತು ಚಿಲ್ಲರೆ ಗ್ರಾಂ ಅಕ್ಕಿ, ನಮ್ಮ ಹಳೆಯ ಅಳತೆಯಲ್ಲಿ ಮುಕ್ಕಾಲು ಪಾವು. ಒಂದು ಹೊತ್ತಿನ ಅನ್ನ.

ಖರ್ಚು ಕಡಿಮೆ ಇರಬಹುದು, ಅಷ್ಟನ್ನು ಒಂದೇ ಸಮನೆ ಕೊಡುವ ಶಕ್ತಿ ಸಾಮಾನ್ಯರಿಗೆ ಎಲ್ಲಿದೆ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಘಾಟಿ ಹತ್ತಿದರೆ ಕಾಲು ಕೊಡಬೇಕಾದ ಸಾಮರ್ಥ್ಯ 110 ವಾಟ್‌ನಷ್ಟು. ಆಗ ವೇಗ ಗಂಟೆಗೆ ಏಳೂವರೆ ಕಿಲೋಮೀಟರ್, ಬಿರುಸಾಗಿ ನಡೆಯುವವರಿಗಿಂತ ಒಂದಿಷ್ಟು ಹೆಚ್ಚು. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಮುಕ್ಕಾಲು ಗಂಟೆಯಲ್ಲಿ ಹತ್ತುವ ಭಕ್ತರನ್ನು ನೋಡಿ: ನಿಮಿಷಕ್ಕೆ ಅವರ ಮೈ ಎಷ್ಟು ಮೀಟರ್ ಮೇಲೇರುತ್ತದೆಯೋ, ಆಗುಂಬೆ ಹತ್ತುವ ಈ ನಿಧಾನದ ಸವಾರನ ಮೈಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಹರಕೆ ಹೊತ್ತವರು, ಮೊಮ್ಮಕ್ಕಳ ಕೈಹಿಡಿದವರು, ಒಂದೊಂದು ಮೆಟ್ಟಿಲಿಗೂ ಕುಂಕುಮ ಹಚ್ಚುತ್ತ ಹೋಗುವವರು ಅಲ್ಲಿ ಇರುತ್ತಾರೆ. ಅವರನ್ನು ನಾವು ಸಾಹಸಿಗಳೆಂದು ಕರೆಯುವುದಿಲ್ಲ. ಎರಡು ಸಲ ಚಾಮುಂಡಿ ಹತ್ತುವಷ್ಟು ತಾಳ್ಮೆ ಇದ್ದವರಿಗೆ ಆಗುಂಬೆ ಸಾಧ್ಯ. ಹೃದಯದ ತೊಂದರೆ, ಮಂಡಿನೋವು ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು ಎಂಬುದು ಬೇರೆ ಮಾತು. ಅದು ಮೆಟ್ಟಿಲಿಗೂ ಅನ್ವಯ.

ಹಾಗಿದ್ದರೆ ಘಟ್ಟದಲ್ಲಿ ಸೈಕಲ್ ಎಂದರೆ ತಳ್ಳಿಕೊಂಡು ಹೋಗುವುದು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಏಕೆ ಅಷ್ಟು ಗಟ್ಟಿಯಾಗಿ ಕೂತಿದೆ? ಏಕೆಂದರೆ ನಮ್ಮ ಹಳೆಯ ಕರಿ ಸೈಕಲ್ಲಿನಲ್ಲಿ ತಳ್ಳುವುದೇ ಸರಿಯಾದ ದಾರಿಯಾಗಿತ್ತು. ಅದರ ಮುಂದಿನ ಹಲ್ಲುಚಕ್ರದಲ್ಲಿ 48 ಹಲ್ಲು, ಹಿಂದೆ 19 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಬಯಲು ರಸ್ತೆಗೆ ಇದು ಹೇಳಿ ಮಾಡಿಸಿದ್ದು. ನೂರು ಮೀಟರಿಗೆ ಆರು ಮೀಟರ್ ಏರುವ ಘಾಟಿಯಲ್ಲಿ ಮಾತ್ರ ಒಂದೊಂದು ಸುತ್ತಿಗೂ 85 ಕಿಲೋ ಭಾರವನ್ನು ಒಂದಡಿಗಿಂತ ಹೆಚ್ಚು ಮೇಲೆತ್ತಬೇಕಾಗುತ್ತದೆ. ಪೆಡಲಿನ ಮೇಲೆ ಬೀಳಬೇಕಾದ ಒತ್ತಡ ಸರಾಸರಿ 26 ಕಿಲೋ. ಕಾಲು ಕೆಳಗಿಳಿಯುವ ಹೊತ್ತಿಗೆ ಅದು ಇಮ್ಮಡಿಯಾಗಿ, ಸವಾರ ತನ್ನ ಇಡೀ ಮೈಭಾರವನ್ನು ಒಂದೊಂದೇ ಕಾಲಿನ ಮೇಲೆ ಹಾಕಿ ನಿಲ್ಲಬೇಕು. ನಿಮಿಷಕ್ಕೆ ಐವತ್ತು ಸುತ್ತು ತುಳಿಯಲು 225 ವಾಟ್ ಬೇಕು. ಪಳಗಿದ ಕ್ರೀಡಾಪಟುವಿಗೆ ಮಾತ್ರ ಅದು ಗಂಟೆಗಟ್ಟಲೆ ಸಾಧ್ಯ. ನಿಧಾನ ಮಾಡೋಣವೆಂದರೆ ಸೈಕಲ್ ವಾಲುತ್ತದೆ. ಅದೇ ಸವಾರನಿಗೆ ಮುಂದೆ 34, ಹಿಂದೆ 34 ಹಲ್ಲಿನ ಗೇರು ಕೊಡಿ. ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ ದೂರ, ಪೆಡಲಿನ ಮೇಲೆ ಸರಾಸರಿ ಹತ್ತು ಕಿಲೋ ಒತ್ತಡ, ನಿಮಿಷಕ್ಕೆ ಅರವತ್ತು ಸುತ್ತು ತುಳಿದರೂ 110 ವಾಟ್ ದಾಟುವುದಿಲ್ಲ. ಏರು ಬದಲಾಗಿಲ್ಲ, ಕಾಲು ಬದಲಾಗಿಲ್ಲ. ಭಾರವನ್ನು ಸಣ್ಣ ಸಣ್ಣ ತುತ್ತು ಮಾಡಿಕೊಂಡದ್ದಷ್ಟೇ.

ಈ ಸರಳ ಸತ್ಯವನ್ನು ಒಪ್ಪಿಕೊಳ್ಳಲು ಸೈಕಲ್ ಲೋಕವೇ ದಶಕಗಳ ಕಾಲ ಸತಾಯಿಸಿತು. ಫ್ರಾನ್ಸಿನ ಸೇಂತ್ ಎತಿಯೆನ್ ಊರಿನ ಪಾಲ್ ದ ವಿವಿ, ವೆಲೋಸಿಯೋ ಎಂಬ ಹೆಸರಿನಲ್ಲಿ ಪತ್ರಿಕೆಯಲ್ಲಿ ಬರೆಯುತ್ತಿದ್ದವರು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬದಲಿಸಬಹುದಾದ ಗೇರುಗಳ ಪರವಾಗಿ ಪಟ್ಟುಹಿಡಿದು ವಾದಿಸಿದರು. 1902ರಲ್ಲಿ ಅಲ್ಲಿನ ಟೂರಿಂಗ್ ಕ್ಲಬ್ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಮಾರ್ತ್ ಎಸ್ ಎಂಬ ಮಹಿಳೆ ಗೇರಿನ ಸೈಕಲ್ ಏರಿ, ಏರುದಾರಿಯುದ್ದಕ್ಕೂ ನೆಲಕ್ಕೆ ಕಾಲೂರದೆ ಸಾಗಿ, ಗೇರಿಲ್ಲದ ಸೈಕಲ್ಲಿನ ಹೆಸರಾಂತ ಓಟಗಾರನನ್ನು ಹಿಂದೆ ಹಾಕಿದರು. ಟೂರ್ ದ ಫ್ರಾನ್ಸ್ ಸ್ಪರ್ಧೆಯ ಸಂಸ್ಥಾಪಕ ಆಂರಿ ದೆಗ್ರಾಂಜ್‌ಗೆ ಇದು ರುಚಿಸಲಿಲ್ಲ. ಗೇರು ಬದಲಿಸುವುದು ನಲವತ್ತೈದು ದಾಟಿದವರಿಗೆ ಸರಿ, ಗೆಲುವು ಸ್ನಾಯುವಿನದಾಗಬೇಕು ಎಂಬುದು ಅವರ ನಿಲುವು. ಆ ಸ್ಪರ್ಧೆಯಲ್ಲಿ ಗೇರು ಬದಲಿಸುವ ಡಿರೇಲರ್‌ಗೆ ಎಲ್ಲರಿಗೂ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಸೈಕಲ್ಲಿನಲ್ಲಿ ಬೆಟ್ಟ ಹತ್ತುವುದೆಂದರೆ ವೀರರ ಕತೆ ಎಂಬ ಭಾವನೆ ಹುಟ್ಟಿದ್ದು ಈ ಅವಧಿಯಲ್ಲೇ. 1910ರಲ್ಲಿ ಪಿರನೀಸ್‌ನ 2,115 ಮೀಟರ್ ಎತ್ತರದ ತುರ್ಮಲೆ ಕಣಿವೆಯನ್ನು ಸ್ಪರ್ಧೆಗೆ ಸೇರಿಸಿದಾಗ, ಒಂದೇ ದಿನ 326 ಕಿಲೋಮೀಟರಿನ ಹಂತದಲ್ಲಿ ಸಾಲು ಸಾಲು ಬೆಟ್ಟ ಹತ್ತಿದ ಒಕ್ತಾವ್ ಲಾಪಿಜ್ ಸಂಘಟಕರನ್ನು ಕೊಲೆಗಡುಕರೆಂದು ಬೈದದ್ದು ಸೈಕಲ್ ಚರಿತ್ರೆಯ ಪ್ರಸಿದ್ಧ ಗಳಿಗೆ. ಬೈದದ್ದರಲ್ಲಿ ತಪ್ಪೇನಿಲ್ಲ. ಅದು ಒರಟು ಕಚ್ಚಾರಸ್ತೆ, ಭಾರದ ಸೈಕಲ್, ಹಗುರ ಗೇರು ಇಲ್ಲ, ಮೇಲಿಂದ ಗಡಿಯಾರದ ಕಾಟ. ಈ ಕತೆಗಳನ್ನು ಕೇಳಿ ಬೆಳೆದ ನಾವು, ಕಷ್ಟ ಬಂದದ್ದು ಬೆಟ್ಟದಿಂದ ಎಂದುಕೊಂಡೆವು. ಇಂದು ಲೂಜ್ ಊರಿನ ಕಡೆಯಿಂದ ತುರ್ಮಲೆ ಹತ್ತುವವರು 19 ಕಿಲೋಮೀಟರಿನಲ್ಲಿ 1,400 ಮೀಟರ್ ಏರುತ್ತಾರೆ, ಅವರಲ್ಲಿ ನಿವೃತ್ತರೂ ಇರುತ್ತಾರೆ, ಶಾಲೆಯ ಮಕ್ಕಳೂ ಇರುತ್ತಾರೆ. ಆಗುಂಬೆಯ ಏರು ಅದರ ಐದರಲ್ಲಿ ಎರಡು ಪಾಲು.

ನಮ್ಮಲ್ಲೂ ಇದೇ ತಪ್ಪು ಸಣ್ಣ ರೂಪದಲ್ಲಿ ನಡೆದಿದೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲು ಬಿಡದಂತೆ ನೋಡಿಕೊಳ್ಳುವಲ್ಲಿ ಅದು ಮಾಡಿದ ಉಪಕಾರ ದೊಡ್ಡದು, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ರಾಯಚೂರಿನ ಬಯಲಿಗೆ ಕೊಟ್ಟ ಗೇರಿಲ್ಲದ ಸೈಕಲ್ಲನ್ನೇ ಕೊಪ್ಪ, ಶೃಂಗೇರಿ, ಹೊಸನಗರದ ದಿಬ್ಬಗಳಿಗೂ ಕೊಟ್ಟರೆ, ಮಲೆನಾಡಿನ ಮಗು ಅದನ್ನು ತಳ್ಳುತ್ತಲೇ ದೊಡ್ಡದಾಗುತ್ತದೆ. ಬೆಟ್ಟದೂರಿಗೆ ಸೈಕಲ್ ಆಗಿಬರುವುದಿಲ್ಲ ಎಂಬ ತೀರ್ಮಾನಕ್ಕೂ ಬರುತ್ತದೆ.

ರಸ್ತೆಯ ಕಡೆಯಿಂದ ನೋಡಿದರೂ ಸಾಕ್ಷ್ಯ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಹೇರೆತ್ತುಗಳ ಕಾಲದಲ್ಲಿ ಘಟ್ಟದ ದಾರಿ ನೆಟ್ಟಗೆ ಇರುತ್ತಿತ್ತು. ಬೆನ್ನ ಮೇಲೆ ಹೇರು ಹೊತ್ತ ಎತ್ತು ಕಲ್ಲುಮೆಟ್ಟಿಲನ್ನೂ ಹತ್ತಬಲ್ಲದು. ಉಪ್ಪು, ಒಣಮೀನು, ತೆಂಗಿನಕಾಯಿ ಮೇಲಕ್ಕೆ, ಅಕ್ಕಿ, ಅಡಿಕೆ, ಮೆಣಸು ಕೆಳಕ್ಕೆ ಹೋದದ್ದು ಹಾಗೆಯೇ. ಕೆಳದಿಯ ನಾಯಕರ ಸಂಪತ್ತಿನ ಒಂದು ದೊಡ್ಡ ಪಾಲು ಈ ವ್ಯಾಪಾರದ್ದು. ಗಾಡಿ ಬಂದ ಮೇಲೆ ಲೆಕ್ಕ ಬದಲಾಯಿತು. ಚಕ್ರದ ಮೇಲಿನ ಹೇರನ್ನು ಕಡಿದಾದ ಏರಿನಲ್ಲಿ ಎತ್ತು ಎಳೆಯಲಾರದು, ನಿಂತರೆ ಗಾಡಿ ಹಿಂದಕ್ಕೆ ಜಾರುತ್ತದೆ. ಆದ್ದರಿಂದ ಗುಡ್ಡದ ಮೈಗೆ ಅಡ್ಡಡ್ಡ ಕಡಿದು, ತಿರುಗಿಸಿ ತಿರುಗಿಸಿ, ಏರನ್ನು ಉದ್ದಕ್ಕೆ ಹಂಚಿದರು. ನಮ್ಮ ಹಳೆಯ ಘಾಟಿಗಳ ಅಂಕುಡೊಂಕು ಬಹುಪಾಲು ಈ ಗಾಡಿರಸ್ತೆಗಳ ಬಳುವಳಿ. ಇಟಲಿಯ ಸ್ಟೆಲ್ವಿಯೋ ಕಣಿವೆಯದೂ ಇದೇ ಕತೆ: 2,757 ಮೀಟರ್ ಎತ್ತರಕ್ಕೆ, ಒಂದೇ ಬದಿಯಲ್ಲಿ 48 ತಿರುವುಗಳಿರುವ ಆ ರಸ್ತೆಯನ್ನು ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ ಕಾರ್ಲೊ ದೊನೆಗಾನಿ 1820ರಿಂದ 1825ರೊಳಗೆ ಕಟ್ಟಿದ್ದು ಕುದುರೆಗಾಡಿಗಳಿಗೆ. ಮೋಟಾರು ಆಗ ಹುಟ್ಟಿಯೇ ಇರಲಿಲ್ಲ. ಇಂದಿಗೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಕಡಿದಾದ ಬೆಟ್ಟಪ್ರದೇಶದಲ್ಲಿ ಶೇ 6ರ ಏರನ್ನು ವಾಡಿಕೆಯ ಮಿತಿ ಎಂದೂ, ಶೇ 8ನ್ನು ತೀರಾ ಅನಿವಾರ್ಯವಾದಾಗಿನ ಮಿತಿ ಎಂದೂ ಹೇಳುತ್ತದೆ. ಘಾಟಿ ರಸ್ತೆ ಹುಟ್ಟಿದ್ದೇ ಸ್ನಾಯುವಿನ ಅಳತೆಗೆ. ಅದರ ಮೇಲೆ ಸೈಕಲ್ ತುಳಿಯುವವರು ಆ ರಸ್ತೆಯ ಹಳೆಯ ಹಕ್ಕುದಾರರ ಸಾಲಿನಲ್ಲಿ ಬರುತ್ತಾರೆ.

ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ತಿರುವು ಮುಗಿಯುವಷ್ಟರಲ್ಲಿ ರಸ್ತೆ ಮೂರು ಮೀಟರ್ ಮೇಲೇರಿದೆ ಎಂದುಕೊಳ್ಳಿ. ಒಳಅಂಚು ಏಳು ಮೀಟರ್ ತ್ರಿಜ್ಯದ ಅರ್ಧವೃತ್ತವಾದರೆ ಅದರ ಉದ್ದ 22 ಮೀಟರ್. ಹದಿನಾಲ್ಕು ಮೀಟರ್ ತ್ರಿಜ್ಯದ ಹೊರಅಂಚಿನದು 44 ಮೀಟರ್. ಎತ್ತರ ಅದೇ, ದಾರಿ ಇಮ್ಮಡಿ. ಹಾಗಾಗಿ ಒಳಬದಿಯಲ್ಲಿ ಏರು ಶೇ 14ರ ಹತ್ತಿರ, ಹೊರಬದಿಯಲ್ಲಿ ಶೇ 7. ನಾವು ಎಡಬದಿಯಲ್ಲಿ ಸಾಗುವವರು. ಎಡಕ್ಕೆ ತಿರುಗುವ ತಿರುವುಗಳಲ್ಲೆಲ್ಲ ಕಡಿದಾದ ಒಳಅಂಚೇ ನಮ್ಮ ಪಾಲು, ಬಲಕ್ಕೆ ತಿರುಗುವಲ್ಲಿ ವಿಶಾಲವಾದ ಹೊರಅಂಚು. ಬಲ್ಲ ಸವಾರರು ಎಡತಿರುವಿಗೆ ಇಪ್ಪತ್ತು ಮಾರು ಮೊದಲೇ ಸಣ್ಣ ಗೇರಿಗೆ ಇಳಿಸಿ, ತುಸು ಮುಂದೆ ಬಾಗಿ, ಉಸಿರು ಎಳೆದು ಒಳಹೊಗುತ್ತಾರೆ; ಬಲತಿರುವಿನಲ್ಲಿ ಸೀಟಿನಲ್ಲಿ ಹಿಂದೆ ಸರಿದು ಕೂತು ಮೈ ಸಡಿಲಿಸುತ್ತಾರೆ. ಒಂದು ತಿರುವಿನಲ್ಲಿ ದುಡಿಮೆ, ಮುಂದಿನದರಲ್ಲಿ ವಿಶ್ರಾಂತಿ. ಈ ನಿಧಾನಕ್ಕೆ ಮಾತ್ರ ಕಾಣುವ ಸಂಗತಿಗಳಿವೆ: ಕೆಳಗಿನ ಬಿದಿರು, ವಾಟೆ ಹಿಂದೆ ಸರಿದು ನಿತ್ಯಹಸುರಿನ ಕಾಡು ಮೈದಳೆಯುವುದು, ತಡೆಗೋಡೆಯ ಸಂದಿಯಲ್ಲಿ ಡಿಸೆಂಬರಿನಲ್ಲೂ ಒಸರುವ ನೀರು, ನೂರು ಮೀಟರ್ ಏರಿದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಇಳಿಯುವ ಬಿಸಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಹೊಯ್ಯುವ ಜಾಗ ಹೇಗೆ ನೀರನ್ನು ಹಿಡಿದಿಟ್ಟುಕೊಂಡು ಬೇಸಗೆಗೆ ಬಿಡುತ್ತದೆ ಎಂಬುದು ಪಾಠಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತುವುದು ಕಷ್ಟ. ತಿರುವಿನಿಂದ ತಿರುವಿಗೆ ಗೋಡೆಯ ಪಾಚಿ ನೋಡುತ್ತ ಹೋದರೆ ಸುಲಭ.

ಹತ್ತುವುದರ ಬಗ್ಗೆ ಇಷ್ಟು ಧೈರ್ಯ ಹೇಳಿದ ಮೇಲೆ ಇಳಿಯುವುದರ ಬಗ್ಗೆ ಎಚ್ಚರಿಕೆಯನ್ನೂ ಅಷ್ಟೇ ಬಲವಾಗಿ ಹೇಳಬೇಕು. ಘಟ್ಟದಲ್ಲಿ ಅಪಾಯ ಇರುವುದು ಇಳಿಜಾರಿನಲ್ಲಿ. ಕಾಲು ಒಂದೂಕಾಲು ಗಂಟೆ ದುಡಿದು ಕೂಡಿಟ್ಟ ಅದೇ 4 ಲಕ್ಷ 58 ಸಾವಿರ ಜೂಲ್ ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕು. ಗಾಳಿ ನುಂಗಿದ್ದನ್ನು ಬಿಟ್ಟರೆ ಉಳಿದದ್ದೆಲ್ಲ ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಒಟ್ಟು ಶಾಖವನ್ನು ಒಂದೆಡೆ ಸೇರಿಸಿದರೆ ಒಂದೂವರೆ ಲೀಟರಿನಷ್ಟು ನೀರನ್ನು ಕುದಿಯಲು ತರಬಹುದು. ಬ್ರೇಕನ್ನು ಒಂದೇ ಸಮನೆ ಹಿಡಿದೇ ಇದ್ದರೆ ರಿಮ್ ಕಾಯುತ್ತದೆ, ರಬ್ಬರ್ ಹಿಡಿತ ಬಿಡುತ್ತದೆ. ಹಳೆಯ ಸೈಕಲ್ಲಿನ ಉಕ್ಕಿನ ರಿಮ್ ಒದ್ದೆಯಾದರಂತೂ ಬ್ರೇಕು ಇದ್ದೂ ಇಲ್ಲದಂತೆ. 1913ರಲ್ಲಿ ಎಜೆನ್ ಕ್ರಿಸ್ತಾಫ್ ಎಂಬ ಓಟಗಾರನ ಸೈಕಲ್ಲಿನ ಮುಂಗವಲು ಮುರಿದದ್ದೂ ತುರ್ಮಲೆಯ ಇಳಿಜಾರಿನಲ್ಲೇ. ಸೈಕಲ್ ಹೊತ್ತು ಮೈಲುಗಟ್ಟಲೆ ನಡೆದು, ಕೆಳಗಿನ ಊರಿನ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಬೆಸೆದುಕೊಂಡ. ತಿದಿ ಒತ್ತಲು ಹುಡುಗನೊಬ್ಬನ ನೆರವು ಪಡೆದದ್ದಕ್ಕೆ ದಂಡವನ್ನೂ ತೆತ್ತ. ಘಾಟಿಯ ಹೇರ್‌ಪಿನ್ ತಿರುವಿಗೆ ನಮ್ಮ ಎಂಜಿನಿಯರುಗಳು ಇಟ್ಟುಕೊಳ್ಳುವ ವಿನ್ಯಾಸ ವೇಗ ಗಂಟೆಗೆ 20 ಕಿಲೋಮೀಟರ್. ಸೈಕಲ್ಲಿಗೂ ಅದೇ ಮಿತಿ ಇರಲಿ. ಎರಡು ಬ್ರೇಕನ್ನೂ ಬಿಟ್ಟು ಬಿಟ್ಟು ಹಿಡಿಯುವುದು, ತಿರುವಿಗೆ ಮೊದಲೇ ವೇಗ ಕುಗ್ಗಿಸುವುದು, ನಡುವೆ ನಿಂತು ರಿಮ್ ಆರಲು ಬಿಡುವುದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗದೇ ಇರುವುದು, ಇವು ಬೇಕೇ ಬೇಕು. ಕೆಳಗಿನಿಂದ ಮೇಲಕ್ಕೆ ಹೋಗಿ ತೀರ್ಥಹಳ್ಳಿಯಲ್ಲಿ ಪಯಣ ಮುಗಿಸಿ, ಸೈಕಲ್ಲನ್ನು ವಾಹನದಲ್ಲಿ ಹಾಕಿಕೊಂಡು ಹಿಂತಿರುಗುವುದು ಹೊಸಬರಿಗೆ ಕ್ಷೇಮ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇಷ್ಟಾದರೂ ಉಳಿಯುವ ಅಡ್ಡಿ ವಾಹನಗಳದ್ದು. ಆಗುಂಬೆಯಲ್ಲಿ ದೊಡ್ಡ ಬಸ್ಸು, ಭಾರಿ ಲಾರಿ ಓಡುವುದಿಲ್ಲ. ಮಿನಿ ಬಸ್ಸು, ಕಾರು, ಬೈಕುಗಳದೇ ಸಂಚಾರ. ವಾರದ ದಿನಗಳಲ್ಲಿ ಅದು ಸಹ್ಯ. ರಜೆಯ ದಿನ ಸೂರ್ಯಾಸ್ತದ ತಾಣಕ್ಕೆ ಧಾವಿಸುವ ಕಾರುಗಳ ಸಾಲಿನಲ್ಲಿ ಗಂಟೆಗೆ ಏಳು ಕಿಲೋಮೀಟರ್ ವೇಗದ ಸೈಕಲ್ ಇಬ್ಬರಿಗೂ ಕಿರಿಕಿರಿ, ಒಬ್ಬರಿಗೆ ಅಪಾಯ. ಬೆಟ್ಟದ ರಸ್ತೆಯಲ್ಲಿ ಇಳಿಯುವವರು ಏರುವವರಿಗೆ ದಾರಿ ಬಿಡಬೇಕು ಎಂಬ ನಿಯಮ ನಮ್ಮ ಸಂಚಾರ ನಿಯಮಾವಳಿಯಲ್ಲೇ ಇದೆ, ಪಾಲಿಸುವವರು ಕಡಿಮೆ. ಯುರೋಪಿನಲ್ಲಿ ಇದಕ್ಕೆ ಸರಳ ಉಪಾಯ ಕಂಡುಕೊಂಡಿದ್ದಾರೆ. ಇಟಲಿಯ ದೊಲೊಮೈಟ್ ಬೆಟ್ಟಗಳಲ್ಲಿ ಸೆಲ್ಲಾ ಶಿಖರದ ಸುತ್ತಲಿನ ನಾಲ್ಕು ಕಣಿವೆದಾರಿಗಳನ್ನು ಗೊತ್ತಾದ ದಿನಗಳಂದು ಮೋಟಾರು ವಾಹನಗಳಿಗೆ ಮುಚ್ಚಿ ಸೈಕಲ್ಲಿಗೆ ಬಿಡುತ್ತಾರೆ. ಸ್ಟೆಲ್ವಿಯೋದಲ್ಲೂ ಅಂಥ ದಿನವಿದೆ. ಫ್ರಾನ್ಸಿನ ಓತ್ ಆಲ್ಪ್ ಪ್ರಾಂತದಲ್ಲಿ ಬೇಸಗೆಯ ಕೆಲವು ಮುಂಜಾನೆ ಒಂದೊಂದು ಕಣಿವೆಯನ್ನು ಕೆಲವೇ ಗಂಟೆ ಕಾಲ ಕಾಯ್ದಿರಿಸುತ್ತಾರೆ. ನವೆಂಬರಿನಿಂದ ಫೆಬ್ರವರಿವರೆಗೆ ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಆಗುಂಬೆ ಘಾಟಿಯಲ್ಲಿ ಖಾಸಗಿ ಪ್ರವಾಸಿ ವಾಹನಗಳನ್ನು ತಡೆದು ಸೈಕಲ್ಲಿಗೂ ನಡಿಗೆಗೂ ಬಿಡಬೇಕು ಎಂಬುದು ನನ್ನ ಬೇಡಿಕೆ. ವರ್ಷಕ್ಕೆ ಒಟ್ಟು ಹನ್ನೆರಡು ಗಂಟೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದು ಆಂಬುಲೆನ್ಸಿನದು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸೀಮೆಯವರಿಗೆ ಹೆಚ್ಚಿನ ಚಿಕಿತ್ಸೆ ಎಂದರೆ ಮಣಿಪಾಲ. ಘಾಟಿ ಅವರಿಗೆ ಜೀವದ ದಾರಿ. ಈ ಆಕ್ಷೇಪಕ್ಕೆ ವಿನಾಯಿತಿಯೇ ಉತ್ತರ. ಆಂಬುಲೆನ್ಸ್, ರೋಗಿಗಳಿರುವ ಯಾವುದೇ ವಾಹನ, ವೇಳಾಪಟ್ಟಿಯ ಬಸ್ಸು, ಹಾಲಿನ ಗಾಡಿ, ಸ್ಥಳೀಯರ ವಾಹನ ಎಂದಿನಂತೆ ಹೋಗಲಿ. ಸೈಕಲ್ಲುಗಳ ನಡುವೆ ಆಂಬುಲೆನ್ಸ್ ಹೋಗುವುದು ಕಾರುಗಳ ಸಾಲಿನ ನಡುವೆ ಹೋಗುವುದಕ್ಕಿಂತ ಸುಲಭ, ಏಕೆಂದರೆ ಸೈಕಲ್ಲನ್ನು ಚರಂಡಿಯಂಚಿಗೆ ಎತ್ತಿಡಬಹುದು. ರಸ್ತೆ ಮುಚ್ಚುವುದು ನಮಗೆ ಹೊಸದೂ ಅಲ್ಲ. ಕಾಂಕ್ರೀಟ್ ಹಾಕಲು ಶಿರಾಡಿ ಘಾಟಿಯನ್ನು 2015ರಲ್ಲಿ, ಮತ್ತೆ 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿದ್ದರು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ನಿಂತುಹೋಯಿತು. ಆಗೆಲ್ಲ ಜನ ಸುತ್ತುದಾರಿ ಹಿಡಿದರು, ಕಷ್ಟಪಟ್ಟರು, ಹೊಂದಿಕೊಂಡರು. ಮೊದಲೇ ಸಾರಿದ ಮೂರು ಗಂಟೆಯ ಭಾಗಶಃ ನಿರ್ಬಂಧವನ್ನು ಇವುಗಳ ಜೊತೆ ತೂಗುವುದೇ ಬೇಡ. ಮೋಟಾರು ವಾಹನ ಕಾಯ್ದೆಯ 115ನೇ ಕಲಮು ಇಂಥ ನಿರ್ಬಂಧಕ್ಕೆ ಅಧಿಕಾರ ಕೊಡುತ್ತದೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಅದನ್ನು ಬಳಸುತ್ತಲೇ ಬಂದಿದೆ. ಘಾಟಿಯ ಬುಡ ಉಡುಪಿ ಜಿಲ್ಲೆಗೆ, ನೆತ್ತಿ ಶಿವಮೊಗ್ಗ ಜಿಲ್ಲೆಗೆ ಸೇರಿರುವುದರಿಂದ ಇಬ್ಬರು ಜಿಲ್ಲಾಧಿಕಾರಿಗಳು ಮಾತನಾಡಿಕೊಳ್ಳಬೇಕಾದೀತು, ಅಷ್ಟೇ.

ಎರಡನೆಯ ಆಕ್ಷೇಪ ಕಾಡಿನ ಕಡೆಯಿಂದ ಬರುತ್ತದೆ, ಅದನ್ನು ನಾನು ಮನಸಾರೆ ಗೌರವಿಸುತ್ತೇನೆ. ಘಾಟಿ ಹಾದುಹೋಗುವುದು ಸೋಮೇಶ್ವರ ವನ್ಯಜೀವಿಧಾಮದ ಒಳಗೆ. ಸಿಂಗಳೀಕಗಳಿರುವ ಕಾಡು ಅದು. ಸೈಕಲ್ ಹಬ್ಬ ಎಂದು ಸಾವಿರ ಜನ ನುಗ್ಗಿ, ಧ್ವನಿವರ್ಧಕ ಹಚ್ಚಿ, ಪ್ಲಾಸ್ಟಿಕ್ ಚೆಲ್ಲಿ ಹೋದರೆ ಯಾರಿಗೆ ಲಾಭ? ಆದ್ದರಿಂದಲೇ ಸ್ಪರ್ಧೆ ಬೇಡ, ವೇದಿಕೆ ಬೇಡ, ಪ್ರಾಯೋಜಕರ ಕಮಾನು ಬೇಡ; ಹೆಸರು ನೋಂದಾಯಿಸಿಕೊಂಡ ಇನ್ನೂರು ಮುನ್ನೂರು ಜನರಿಗೆ ಮಿತಿ ಹಾಕಿ ಎನ್ನುತ್ತೇನೆ. ಇಷ್ಟು ಕಟ್ಟುಪಾಡಿನ ಸೈಕಲ್ ಸವಾರಿಗೂ ತಿರುವಿನಲ್ಲಿ ಕಾರು ನಿಲ್ಲಿಸಿ ಕೋತಿಗಳಿಗೆ ಚಿಪ್ಸ್ ಎಸೆಯುವ ಈಗಿನ ಭಾನುವಾರಕ್ಕೂ ಕಾಡು ಯಾವುದನ್ನು ಆರಿಸಿಕೊಂಡೀತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಗಂಟೆಗೆ ಏಳು ಕಿಲೋಮೀಟರ್ ವೇಗದ ಟೈರಿನ ಅಡಿಗೆ ಕಪ್ಪೆ, ಹಾವು ಸಿಕ್ಕಿ ಸಾಯುವುದು ಅಪರೂಪ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ನಿಲ್ಲಿಸಿ, ನೆರೆ ರಾಜ್ಯದ ಒತ್ತಡಕ್ಕೂ ಜಗ್ಗದೆ ಉಳಿಸಿಕೊಂಡು ಬಂದ ನಾಡು ನಮ್ಮದು. ರಸ್ತೆ ಇರುವುದು ಸದಾಕಾಲ ಎಲ್ಲ ವಾಹನಕ್ಕೂ ಎಂಬ ಮಾತನ್ನು ನಾವು ಅಲ್ಲಿ ಒಪ್ಪಲಿಲ್ಲ.

ಇದು ಊರಿನ ಹುಡುಗರಿಗಲ್ಲ, ಬೆಂಗಳೂರಿನ ಲಕ್ಷ ರೂಪಾಯಿ ಸೈಕಲ್ಲಿನವರಿಗೆ ಎಂಬ ಮೂರನೆಯ ಮಾತಿನಲ್ಲೂ ಸತ್ಯಾಂಶವಿದೆ. ನಂದಿ ಬೆಟ್ಟದಲ್ಲಿ ಬೆಳಗಿನ ಜಾವ ಕಾಣುವ ಸವಾರರನ್ನು ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಮೇಲಿನ ಲೆಕ್ಕದಲ್ಲಿ ದುಬಾರಿ ಎನ್ನುವ ವಸ್ತು ಒಂದೂ ಇಲ್ಲ. ಸೈಕಲ್ ಎರಡು ಕಿಲೋ ಹಗುರವಾದರೆ 85ರಲ್ಲಿ ಉಳಿಯುವುದು ಶೇಕಡ ಎರಡಕ್ಕಿಂತ ತುಸು ಹೆಚ್ಚು, ಅಂದರೆ ಘಾಟಿಯಲ್ಲಿ ಎರಡೇ ನಿಮಿಷ. ನಿಜಕ್ಕೂ ಫಲ ಕೊಡುವುದು ಹಿಂದಿನ ಚಕ್ರದ ದೊಡ್ಡ ಹಲ್ಲುಚಕ್ರ, ಒಳ್ಳೆಯ ಬ್ರೇಕು. ಎರಡೂ ಸಾಧಾರಣ ಗೇರ್ ಸೈಕಲ್ಲಿನಲ್ಲಿ ಸಿಗುತ್ತವೆ, ಊರಿನ ಸೈಕಲ್ ಶಾಪಿನವರು ಹಾಕಿಕೊಡಬಲ್ಲರು. ದೂರದ ಸವಾರಿಯ ಬ್ರೆವೆ ಪಂಥದಲ್ಲಿ 200 ಕಿಲೋಮೀಟರಿಗೆ ಕೊಡುವ ಅವಧಿ ಹದಿಮೂರೂವರೆ ಗಂಟೆ, ಸರಾಸರಿ ಗಂಟೆಗೆ 15 ಕಿಲೋಮೀಟರ್. ಅದರಲ್ಲಿ ಗೆದ್ದವರು ಸೋತವರು ಎಂಬ ಪಟ್ಟಿಯೇ ಇಲ್ಲ. ಮುಗಿಸಿದವರಲ್ಲಿ ಬ್ಯಾಂಕ್ ನೌಕರರು, ಮೇಷ್ಟರು, ಅಂಗಡಿಯವರು ಇದ್ದಾರೆ. 250 ವಾಟ್‌ವರೆಗಿನ, 25 ಕಿಲೋಮೀಟರ್ ವೇಗ ಮೀರದ ವಿದ್ಯುತ್ ಸೈಕಲ್ಲಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಅರವತ್ತು ದಾಟಿದವರು, ಮಂಡಿ ಸವೆದವರು ಅದರಲ್ಲಿ ಬರಲಿ. ಅದು ಮೋಸವೆಂದು ನನಗೆ ಅನ್ನಿಸಿಲ್ಲ. ನಲವತ್ತೈದು ದಾಟಿದವರಿಗೆ ಗೇರು ಎಂದು ಒಂದು ಕಾಲದಲ್ಲಿ ಆಡಿದ ಮಾತಿಗಿಂತ ಇದೇನೂ ಬೇರೆಯಲ್ಲ.

ಒಂದು ಘಾಟಿಯಲ್ಲಿ ಇದು ನಡೆದರೆ ಉಳಿದವುಗಳಿಗೆ ದಾರಿ ಸಿಗುತ್ತದೆ. ಶಿರಸಿ-ಕುಮಟಾ ನಡುವಿನ ದೇವಿಮನೆ, ಹೊಸನಗರದಿಂದ ಕುಂದಾಪುರಕ್ಕೆ ಇಳಿಯುವ ಹುಲಿಕಲ್, ಕೊಟ್ಟಿಗೆಹಾರದ ಚಾರ್ಮಾಡಿ, ಪ್ರತಿಯೊಂದಕ್ಕೂ ತನ್ನದೇ ಏರು, ತನ್ನದೇ ಮಳೆ, ತನ್ನದೇ ಸಂಚಾರದ ಒತ್ತಡ. ಶಿರಾಡಿಯನ್ನು ನಾನು ಕೇಳುವುದಿಲ್ಲ. ಬಂದರಿಗೆ ಹೋಗುವ ಲಾರಿಗಳ ಆ ದಾರಿಯಲ್ಲಿ ಸೈಕಲ್ಲಿಗೆ ಈಗ ಜಾಗವಿಲ್ಲ. ಆಗುಂಬೆಯಿಂದ ಆರಂಭಿಸಬೇಕು ಎನ್ನಲು ಕಾರಣಗಳು ಅಲ್ಲಿಯೇ ಇವೆ: ಭಾರಿ ವಾಹನ ಆಗಲೇ ಇಲ್ಲ, ಬುಡದಲ್ಲಿ ಸೋಮೇಶ್ವರ, ನೆತ್ತಿಯಲ್ಲಿ ಆಗುಂಬೆ ಪೇಟೆ, ಎರಡೂ ಕಡೆ ತಡೆದು ನಿಲ್ಲಿಸಲು ತಪಾಸಣೆಯ ಜಾಗವಿದೆ, ಹತ್ತಿದವರಿಗೆ ಮೇಲೆ ಹೋಟೆಲಿನಲ್ಲಿ ತಿಂಡಿ ಸಿಗುತ್ತದೆ. ಒಂಬತ್ತು ಗಂಟೆಗೆ ಗೇಟು ತೆರೆದಾಗ ಕೆಳಗೆ ಕಾಯುತ್ತಿದ್ದ ಕಾರುಗಳು ಹೊರಡಬಹುದು. ಸೂರ್ಯಾಸ್ತಕ್ಕೆ ಇನ್ನೂ ಒಂಬತ್ತು ಗಂಟೆ ಇರುತ್ತದೆ.